ಕಾಲುವೆ ದೋಣಿಯ ಎಂಜಿನ್ ನಿರ್ವಹಣೆ: ಇಂಗ್ಲೆಂಡಿನ ನ್ಯಾರೋಬೋಟ್ ಇಟ್ಟುಕೊಂಡವರಿಗೆ ಸಮಗ್ರ ಮಾರ್ಗದರ್ಶಿ

ಕಾಲುವೆ ನಡುವೆ ನಿಂತುಹೋದ ನ್ಯಾರೋಬೋಟಿನಲ್ಲಿ (ಇಂಗ್ಲೆಂಡಿನ ಕಿರಿದಾದ, ಉದ್ದನೆಯ ಕಾಲುವೆ ದೋಣಿ) ಪಿಸ್ಟನ್ ಅಥವಾ ಕ್ರ್ಯಾಂಕ್ ಕೆಟ್ಟಿರುವುದು ಅಪರೂಪ. ಕೈಕೊಡುವುದು ಎಂಜಿನ್ನಿನ ಸುತ್ತ ಇರುವ ಸಾಮಾನುಗಳು: ಡೀಸೆಲ್‌ಗೆ ಸೇರಿದ ನೀರು, ಸಡಿಲವಾದ ಬೆಲ್ಟು, ತುಂಡಾದ ಕೇಬಲ್, ಸತ್ತ ಬ್ಯಾಟರಿ, ಪ್ರೊಪೆಲ್ಲರಿಗೆ ಸುತ್ತಿಕೊಂಡ ಬಟ್ಟೆ. ಇವುಗಳಲ್ಲಿ ಹೆಚ್ಚಿನವನ್ನು ಪಾನಾ ಹಿಡಿಯಲು ಬರುವ ಯಾರೂ ತಾವೇ ನೋಡಿಕೊಳ್ಳಬಹುದು. ಬ್ರಿಟನ್ನಿನಲ್ಲಿದ್ದು ದೋಣಿ ಕೊಂಡಿರುವ, ಕೊಳ್ಳಬೇಕೆಂದಿರುವ ಕನ್ನಡಿಗರಿಗೆ ಅದನ್ನೆಲ್ಲ ಒಂದೊಂದಾಗಿ ಇಲ್ಲಿ ಹೇಳಿದೆ.

ನ್ಯಾರೋಬೋಟಿನ ಅಗಲ ಸುಮಾರು 6 ಅಡಿ 10 ಇಂಚು; 7 ಅಡಿ ಅಗಲದ ಲಾಕುಗಳಲ್ಲಿ (ದೋಣಿಯನ್ನು ಬೇರೆ ಮಟ್ಟದ ನೀರಿಗೆ ಏರಿಸಿ ಇಳಿಸುವ, ಗೇಟುಗಳಿರುವ ಕಟ್ಟೆಗಳು) ನುಸುಳಲೆಂದೇ ಈ ಅಳತೆ. ಉದ್ದ 70 ಅಡಿಯವರೆಗೂ ಇರುತ್ತದೆ. ಇಂದಿನ ದೋಣಿಗಳಲ್ಲಿ ಹೆಚ್ಚಾಗಿ 35ರಿಂದ 45 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಇರುತ್ತದೆ. ಬೀಟಾ ಮರೀನ್ ಎಂಜಿನ್ನಿನ ಒಳಗಿರುವುದು ಕುಬೋಟಾ, ಬ್ಯಾರಸ್ ಶೈರ್ ಒಳಗಿರುವುದು ಯಾನ್ಮಾರ್. ಇಸುಜು ಕೂಡ ಸಾಮಾನ್ಯ. ಹಳೆಯ ದೋಣಿಗಳಲ್ಲಿ ಬಿಎಂಸಿ 1.8, ಲಿಸ್ಟರ್ ಸಿಗುತ್ತವೆ. ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ. ಹಾಗಾಗಿ ಎಂಜಿನ್ 1,200ರಿಂದ 1,400 ಆರ್‌ಪಿಎಂನಲ್ಲಿ, ತನ್ನ ಶಕ್ತಿಯ ಸಣ್ಣ ಪಾಲನ್ನಷ್ಟೇ ಬಳಸಿ ಗಂಟೆಗಟ್ಟಲೆ ಓಡುತ್ತದೆ. ಇದು ಎಂಜಿನ್ನಿಗೆ ಒಳ್ಳೆಯದೆಂದು ತೋರಬಹುದು, ಆದರೆ ಹಾಗಲ್ಲ. ಹೊರೆ ಕಡಿಮೆಯಾದರೆ ಶಾಖವೂ ಕಡಿಮೆ. ಆಯಿಲ್‌ನಲ್ಲಿ ತೇವ, ಉರಿಯದ ಡೀಸೆಲ್, ಮಸಿ ಸೇರುತ್ತವೆ; ಸಿಲಿಂಡರ್ ಗೋಡೆ ಗಾಜಿನಂತೆ ನುಣುಪಾಗಿ ಪಿಸ್ಟನ್ ರಿಂಗುಗಳಿಗೆ ಹಿಡಿತ ತಪ್ಪುತ್ತದೆ. ಕಾಲುವೆ ಎಂಜಿನ್ನಿಗೆ ಆಯಿಲ್ ಬದಲಾವಣೆ ಇಷ್ಟು ಮುಖ್ಯವಾಗುವುದು ಇದೇ ಕಾರಣಕ್ಕೆ.

ಕೈ ಹಾಕುವ ಮುನ್ನ

ಎಂಜಿನ್ ಕೋಣೆಯ ಹಲಗೆ ಎತ್ತುವ ಮೊದಲು ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು ನಿಮ್ಮ ಜೇಬಿಗೇ ಹಾಕಿಕೊಳ್ಳಿ. ಬಳೆ, ಉಂಗುರ, ಕತ್ತಿನ ಸರ, ಲೋಹದ ಗಡಿಯಾರ ಎಲ್ಲವನ್ನೂ ತೆಗೆದಿಡಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಬ್ಯಾಟರಿ ಟರ್ಮಿನಲ್‌ಗೂ ಪಾನಾಕ್ಕೂ ನಡುವೆ ಸಿಕ್ಕ ಚಿನ್ನದ ಬಳೆ ಕ್ಷಣದಲ್ಲಿ ಕೆಂಪಗೆ ಕಾದು ಕೈಯನ್ನು ಮೂಳೆಯವರೆಗೆ ಸುಡಬಲ್ಲದು. ಸೆರಗು, ಶಾಲು, ಬಿಟ್ಟ ಕೂದಲು ಓಡುವ ಬೆಲ್ಟಿನ ಹತ್ತಿರ ಸುಳಿಯಬಾರದು.

ಕಾಲುವೆ ನೀರಿನಲ್ಲಿ ಇಲಿಜ್ವರದ ರೋಗಾಣು ಇರಬಹುದು. ಕರಾವಳಿ, ಮಲೆನಾಡಿನವರಿಗೆ ಇದರ ಭಯ ಗೊತ್ತೇ ಇದೆ. ಇಂಗ್ಲೆಂಡಿನಲ್ಲಿ ಇದನ್ನು ವೈಲ್ಸ್ ಡಿಸೀಸ್ ಅನ್ನುತ್ತಾರೆ. ಗಾಯವಿದ್ದರೆ ಮುಚ್ಚಿ, ಕೈಗವಸು ಹಾಕಿ, ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ನೀರಿನಲ್ಲಿ ಕೈಯಾಡಿಸಿದ ಒಂದೆರಡು ವಾರದಲ್ಲಿ ಜ್ವರ, ಮೈಕೈ ನೋವು ಬಂದರೆ ವೈದ್ಯರಿಗೆ ಕಾಲುವೆಯ ವಿಷಯ ತಪ್ಪದೆ ಹೇಳಿ.

ಅಡುಗೆ ಅನಿಲದ ಪೈಪು, ರೆಗ್ಯುಲೇಟರ್, ಒಲೆ ಜೋಡಣೆಗೆ ನೀವು ಕೈ ಹಾಕಬೇಡಿ. ಅನಿಲ ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳದಲ್ಲಿ ತುಂಬಿಕೊಂಡು ಒಂದು ಕಿಡಿಗೆ ಕಾಯುತ್ತದೆ. ಅದು ಗ್ಯಾಸ್ ಸೇಫ್ ನೋಂದಣಿ ಇರುವ, ದೋಣಿ ಕೆಲಸಕ್ಕೆ ಅರ್ಹತೆ ಪಡೆದ ತಂತ್ರಜ್ಞರ ಕೆಲಸ. ನಾಲ್ಕು ವರ್ಷಕ್ಕೊಮ್ಮೆ ಆಗುವ ಬೋಟ್ ಸೇಫ್ಟಿ ಸ್ಕೀಮ್ ತಪಾಸಣೆಯಲ್ಲಿ ಇದನ್ನೂ, ಇಂಗಾಲದ ಮಾನಾಕ್ಸೈಡ್ ಅಲಾರಂ ಇದೆಯೇ ಎಂಬುದನ್ನೂ ನೋಡುತ್ತಾರೆ.

ಪಾನಾ ಸೆಟ್ ಕೊಳ್ಳುವಾಗ ಎಂಜಿನ್ ಯಾವುದೆಂದು ನೋಡಿ. ಕುಬೋಟಾ, ಯಾನ್ಮಾರ್, ಇಸುಜುಗೆ ಮಿಲಿಮೀಟರ್ ಅಳತೆಯವು. ಹಳೆಯ ಬಿಎಂಸಿ, ಲಿಸ್ಟರ್‌ಗೆ ಇಂಚಿನವು ಬೇಕು. ಇಂಚಿನ ನಟ್ಟಿಗೆ ಮಿಲಿಮೀಟರ್ ಪಾನಾ ಹಾಕಿ ತಿರುಗಿಸಿದರೆ ನಟ್ಟಿನ ಮೂಲೆ ಸವೆದು, ಮುಂದಿನ ಸಲ ಬಿಚ್ಚಲು ಉಳಿಯಿಂದ ಹೊಡೆಯಬೇಕಾಗುತ್ತದೆ.

ದಿನದ ಐದು ನಿಮಿಷ

ದೋಣಿ ಹೊರಡುವ ದಿನ, ಎಂಜಿನ್ ತಣ್ಣಗಿರುವಾಗಲೇ ಆಯಿಲ್ ಡಿಪ್‌ಸ್ಟಿಕ್, ಕೂಲೆಂಟ್ ಮಟ್ಟ, ಬೆಲ್ಟು ಇವಿಷ್ಟನ್ನು ನೋಡಿ. ನಂತರ ಎಂಜಿನ್ ಕೆಳಗಿನ ತಟ್ಟೆಯನ್ನು ನೋಡಿ. ಈ ತಟ್ಟೆ ಒಣಗಿ ಶುಚಿಯಾಗಿದ್ದರೆ ನಿಮ್ಮ ಅರ್ಧ ಕೆಲಸ ಮುಗಿದ ಹಾಗೆ, ಏಕೆಂದರೆ ಹೊಸದಾಗಿ ಬಿದ್ದ ಒಂದೇ ಹನಿಯೂ ಕಣ್ಣಿಗೆ ಬೀಳುತ್ತದೆ. ಕೆಂಪು ಅಥವಾ ಕಪ್ಪು ಜಿಡ್ಡಾದರೆ ಆಯಿಲ್, ಘಾಟು ವಾಸನೆಯಾದರೆ ಡೀಸೆಲ್, ಬೆರಳಿಗೆ ಜಾರುವ ಬಣ್ಣದ ನೀರಾದರೆ ಕೂಲೆಂಟ್. ವರ್ಷಗಳ ಜಿಡ್ಡು ಕಟ್ಟಿದ ತಟ್ಟೆ ಇದಾವುದನ್ನೂ ಹೇಳುವುದಿಲ್ಲ. ದೋಣಿ ಕೊಂಡ ಮೊದಲ ವಾರವೇ ಅದನ್ನು ಉಜ್ಜಿ ತೊಳೆಯಿರಿ.

ಎಂಜಿನ್ ಶುರುವಾದ ಮೇಲೆ ಒಂದು ಕ್ಷಣ 1,200–1,500 ಆರ್‌ಪಿಎಂಗೆ ಏರಿಸಿ. ಆಲ್ಟರ್ನೇಟರ್ ಚಾರ್ಜ್ ಮಾಡತೊಡಗಿ ಕೆಂಪು ದೀಪ ಆರಬೇಕು. ನಿಲ್ಲಿಸುವಾಗ ಮೊದಲು ಸ್ಟಾಪ್ ಗುಂಡಿ ಒತ್ತಿ ಅಥವಾ ಹಿಡಿ ಎಳೆದು ಎಂಜಿನ್ ನಿಂತ ಮೇಲಷ್ಟೇ ಕೀಲಿ ತಿರುಗಿಸಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಐಸೊಲೇಟರ್ ಸ್ವಿಚ್ಚನ್ನು ಯಾವ ಕಾರಣಕ್ಕೂ ಆರಿಸಬೇಡಿ. ಹೋಗಲು ಜಾಗವಿಲ್ಲದ ಕರೆಂಟು ಆಲ್ಟರ್ನೇಟರಿನ ಡಯೋಡುಗಳನ್ನು ಸುಟ್ಟುಬಿಡುತ್ತದೆ.

ಆಯಿಲ್ ಬದಲಿಸುವುದು

ಹೆಚ್ಚಿನ ಎಂಜಿನ್‌ಗಳಿಗೆ 250 ಗಂಟೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು. ಹೊಸ ಎಂಜಿನ್ನಿಗೆ ಮೊದಲ ಬದಲಾವಣೆ ಸುಮಾರು 50 ಗಂಟೆಗೇ ಬೇಕು. ರಜೆಗೆ ಮಾತ್ರ ದೋಣಿ ಬಳಸುವವರಿಗೆ ವರ್ಷಕ್ಕೊಂದು ಸಲ ಸಾಕು. ದೋಣಿಯಲ್ಲೇ ವಾಸವಿದ್ದು ಬ್ಯಾಟರಿಗಾಗಿ ದಿನಕ್ಕೆ ನಾಲ್ಕು ಗಂಟೆ ಎಂಜಿನ್ ಓಡಿಸುವವರಿಗೆ 250 ಗಂಟೆ ಎರಡು ತಿಂಗಳಿಗೇ ಮುಗಿಯುತ್ತದೆ. ಗಂಟೆಯ ಮೀಟರ್ ನೋಡಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ನೆನಪಿನ ಮೇಲೆ ಬಿಡಬೇಡಿ.

ಸಾಮಾನ್ಯವಾಗಿ ಬೇಕಾಗುವುದು 15ಡಬ್ಲ್ಯೂ40 ಮಿನರಲ್ ಡೀಸೆಲ್ ಆಯಿಲ್, ಎಪಿಐ ಸಿಎಫ್ ದರ್ಜೆಯದು. ಪ್ರಮಾಣ ಮಾದರಿಗೆ ತಕ್ಕಂತೆ 4ರಿಂದ 9 ಲೀಟರ್, ಕೈಪಿಡಿಯಲ್ಲಿ ನೋಡಿ. ಕಾರಿಗೆ ಹಾಕುವ ದುಬಾರಿ ಸಿಂಥೆಟಿಕ್ ಆಯಿಲ್ ಇಲ್ಲಿ ಬೇಡ. ಕಡಿಮೆ ಹೊರೆಯಲ್ಲಿ ಓಡುವ ಸರಳ ಎಂಜಿನ್ನಿಗೆ ಅದರಿಂದ ಲಾಭವಿಲ್ಲ, ಹಳೆಯ ಎಂಜಿನ್ನಿನಲ್ಲಿ ಸಿಲಿಂಡರ್ ನುಣುಪಾಗುವ ತೊಂದರೆ ಹೆಚ್ಚಬಹುದು. ಅಗ್ಗದ, ಸರಿಯಾದ ಆಯಿಲ್ ಹಾಕಿ ಬೇಗಬೇಗ ಬದಲಿಸುವುದೇ ಮೇಲು.

ಎಂಜಿನ್ನನ್ನು 15–20 ನಿಮಿಷ ಓಡಿಸಿ ಬಿಸಿ ಮಾಡಿ ನಿಲ್ಲಿಸಿ. ಬಿಸಿ ಆಯಿಲ್ ಮಸಿಯನ್ನೂ ಹೊತ್ತು ಹೊರಬರುತ್ತದೆ. ದೋಣಿಯಲ್ಲಿ ಸಂಪಿನ (ಎಂಜಿನ್ ತಳದ ಆಯಿಲ್ ತೊಟ್ಟಿಯ) ಕೆಳಗೆ ಡಬ್ಬಿ ಇಡಲು ಜಾಗವಿರುವುದಿಲ್ಲ, ಅದಕ್ಕೇ ಎಂಜಿನ್ ಪಕ್ಕದಲ್ಲಿ ಹಿತ್ತಾಳೆಯ ಕೈಪಂಪು ಇರುತ್ತದೆ. ಅದರ ಬಾಯನ್ನು ಡಬ್ಬಿಗೆ ತಿರುಗಿಸಿ ಪಂಪು ಬರಿದಾಗಿ ಗೊರಗುಟ್ಟುವವರೆಗೆ ಎಳೆಯಿರಿ. ಫಿಲ್ಟರ್ ಬಿಚ್ಚುವ ಮೊದಲು ಅದಕ್ಕೆ ಪ್ಲಾಸ್ಟಿಕ್ ಚೀಲ ತೊಡಿಸಿದರೆ ಚೆಲ್ಲಿದ್ದು ಚೀಲದಲ್ಲೇ ಉಳಿಯುತ್ತದೆ. ಹಳೆಯ ರಬ್ಬರ್ ರಿಂಗು ಎಂಜಿನ್ನಿಗೇ ಅಂಟಿಕೊಂಡಿಲ್ಲವೇ ಎಂದು ಬೆರಳಾಡಿಸಿ ನೋಡಿ. ಎರಡು ರಿಂಗಾದರೆ ಎಂಜಿನ್ ಶುರುವಾದ ಕೂಡಲೇ ಆಯಿಲೆಲ್ಲ ಹೊರಗೆ ಚಿಮ್ಮುತ್ತದೆ. ಹೊಸ ಫಿಲ್ಟರಿನ ರಿಂಗಿಗೆ ಆಯಿಲ್ ಸವರಿ, ಕೈಯಿಂದ ತಾಗುವವರೆಗೆ ತಿರುಗಿಸಿ, ಆಮೇಲೆ ಮುಕ್ಕಾಲು ಸುತ್ತು. ಪಾನಾ ಬೇಡ. ಆಯಿಲ್ ತುಸು ಕಡಿಮೆಯೇ ಹಾಕಿ, ಎರಡು ನಿಮಿಷ ಓಡಿಸಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ಆಮೇಲೆ ಭರ್ತಿ ಮಾಡಿ.

ತೆಗೆದ ಆಯಿಲನ್ನು ಗಮನಿಸಿ. ಕಪ್ಪಗಿದ್ದರೆ ಗಾಬರಿ ಬೇಡ, ಡೀಸೆಲ್ ಎಂಜಿನ್ನಿನಲ್ಲಿ ಅದು ಸಹಜ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಸೇರಿದೆ. ಡಿಪ್‌ಸ್ಟಿಕ್ ಮಟ್ಟ ತಾನಾಗಿ ಏರುತ್ತಿದ್ದು ಡೀಸೆಲ್ ವಾಸನೆ ಬಂದರೆ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಲಿಫ್ಟ್ ಪಂಪಿನ ಡಯಾಫ್ರಂ ಹರಿದು ಇಂಧನ ಸಂಪಿಗೆ ಇಳಿಯುತ್ತಿರಬಹುದು. ಈ ಎರಡರಲ್ಲಿ ಯಾವುದಿದ್ದರೂ ಎಂಜಿನ್ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ.

ಗೇರ್‌ಬಾಕ್ಸಿಗೆ ಬೇರೆ ಡಿಪ್‌ಸ್ಟಿಕ್ ಇದೆ. ಬಹಳ ಜನ ಅದನ್ನು ಮರೆಯುತ್ತಾರೆ. ಪಿಆರ್‌ಎಂ 150 ಗೇರ್‌ಬಾಕ್ಸಿಗೆ ಎಂಜಿನ್ ಆಯಿಲ್ಲೇ ಹಾಕಬೇಕು. ಸಣ್ಣ ಮೆಕ್ಯಾನಿಕಲ್ ಗೇರ್‌ಬಾಕ್ಸುಗಳಲ್ಲಿ ಹಲವಕ್ಕೆ ಕೆಂಪು ಬಣ್ಣದ ಎಟಿಎಫ್ (ಆಟೊಮ್ಯಾಟಿಕ್ ಗೇರಿನ ಆಯಿಲ್) ಬೇಕು. ಅದಲುಬದಲಾದರೆ ಕ್ಲಚ್ಚು ಜಾರಿ ಸುಡುತ್ತದೆ, ಆದ್ದರಿಂದ ಮೈಮೇಲಿನ ಫಲಕ ಓದದೆ ಹಾಕಬೇಡಿ. ಹಳೆಯ ಆಯಿಲ್, ಫಿಲ್ಟರ್ ಎರಡನ್ನೂ ಸ್ಥಳೀಯ ಕೌನ್ಸಿಲ್‌ನ ರೀಸೈಕ್ಲಿಂಗ್ ಕೇಂದ್ರಕ್ಕೆ ಅಥವಾ ತೆಗೆದುಕೊಳ್ಳುವ ಮರೀನಾಕ್ಕೆ ಕೊಡಿ.

ಡೀಸೆಲ್: ಹೆಚ್ಚಿನ ತೊಂದರೆ ಇಲ್ಲೇ

ದೋಣಿಯ ಟ್ಯಾಂಕು ಹಿಂತುದಿಯಲ್ಲಿ, ತಣ್ಣನೆಯ ಉಕ್ಕಿನ ಗೋಡೆಗೆ ತಾಗಿಕೊಂಡಿರುತ್ತದೆ. ಟ್ಯಾಂಕು ಅರ್ಧ ಖಾಲಿಯಿದ್ದರೆ ರಾತ್ರಿ ಒಳಗೋಡೆಯ ಮೇಲೆ ಇಬ್ಬನಿ ಕೂಡಿ ತಳಕ್ಕೆ ಇಳಿಯುತ್ತದೆ. ಅದಕ್ಕಿಂತ ಹೆಚ್ಚು ನೀರು ಬರುವುದು ಡೆಕ್ಕಿನ ಮೇಲಿರುವ ಇಂಧನದ ಮುಚ್ಚಳದಿಂದ. ಅದರ ಓ-ರಿಂಗ್ ಒಣಗಿ ಬಿರುಕು ಬಿಟ್ಟರೆ ಪ್ರತಿ ಮಳೆಗೂ ನೀರು ಒಳಗೆ. ಆ ರಿಂಗಿನ ಬೆಲೆ ಚಿಲ್ಲರೆ ಕಾಸು. ವರ್ಷಕ್ಕೊಮ್ಮೆ ಬದಲಿಸಿ, ಗ್ರೀಸ್ ಸವರಿ.

ನೀರು ಮತ್ತು ಡೀಸೆಲ್ ಸೇರುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ದೋಣಿಯವರು ಇದನ್ನು ಡೀಸೆಲ್ ಬಗ್ ಎನ್ನುತ್ತಾರೆ: ಕಪ್ಪು, ಲೋಳೆಲೋಳೆಯಾದ ಪದರ. ನಿಂತಿರುವಷ್ಟು ದಿನ ತೊಂದರೆ ಕೊಡುವುದಿಲ್ಲ. ನದಿಗೆ ಇಳಿದು ದೋಣಿ ಅಲುಗಾಡಿದ ದಿನ ಎದ್ದು ಬಂದು ಫಿಲ್ಟರ್ ಕಟ್ಟಿಸುತ್ತದೆ. ಎಲ್ಲಿ ನಿಲ್ಲಬಾರದೋ ಅಲ್ಲೇ ಎಂಜಿನ್ ನಿಲ್ಲುವುದಕ್ಕೆ ಇದೇ ಕಾರಣ.

ಪರೀಕ್ಷೆ ಸುಲಭ. ದೋಣಿ ಒಂದು ರಾತ್ರಿ ಅಲುಗಾಡದೆ ನಿಂತಿರಲಿ. ಸಣ್ಣ ಕೈಪಂಪಿಗೆ ಗಟ್ಟಿ ಕೊಳವೆ ಜೋಡಿಸಿ, ಟ್ಯಾಂಕಿನ ಅತಿ ತಗ್ಗಿನ ಮೂಲೆಯಿಂದ ಅರ್ಧ ಲೀಟರ್ ಎಳೆದು ಗಾಜಿನ ಜಾಡಿಯಲ್ಲಿ ಒಂದು ಗಂಟೆ ಇಡಿ. ತಿಳಿಯಾಗಿ ಹೊಳೆದರೆ ಸರಿ. ತಳದಲ್ಲಿ ನೀರಿನ ಪದರ ಕಂಡರೆ, ಬರೀ ಡೀಸೆಲ್ ಬರುವವರೆಗೆ ಎಳೆಯುತ್ತಲೇ ಇರಿ. ಕಪ್ಪು ಚೂರು, ಲೋಳೆ ಕಂಡರೆ ನೀರು ತೆಗೆದ ಮೇಲೆ ಬಯೋಸೈಡ್ (ಸೂಕ್ಷ್ಮಜೀವಿ ಕೊಲ್ಲುವ ಔಷಧಿ) ಹಾಕಿ; ಪ್ರಮಾಣ ಬಾಟಲಿಯ ಮೇಲಿರುತ್ತದೆ, ಮೊದಲ ಸಲ ಹೆಚ್ಚಿನ ಡೋಸ್. ನೀರು ತೆಗೆಯದೆ ಬರೀ ಔಷಧಿ ಸುರಿದರೆ ಹಣ ದಂಡ. ಸತ್ತ ಲೋಳೆಯೆಲ್ಲ ಫಿಲ್ಟರಿಗೇ ಬರುವುದರಿಂದ ಆಮೇಲಿನ ಕೆಲವು ವಾರ ಮೂರ್ನಾಲ್ಕು ಫಿಲ್ಟರ್ ಕೈಯಲ್ಲಿರಲಿ.

ಟ್ಯಾಂಕಿನಿಂದ ಹೊರಟ ಡೀಸೆಲ್ ಮೊದಲು ನೀರು ಬೇರ್ಪಡಿಸುವ ಬಟ್ಟಲಿಗೆ ಬರುತ್ತದೆ. ತಿಂಗಳಿಗೊಮ್ಮೆ ಅದರ ಕೆಳಗಿನ ತಿರುಪು ಸಡಿಲಿಸಿ ಒಂದು ಲೋಟದಷ್ಟು ಇಳಿಸಿ ನೋಡಿ. ಫಿಲ್ಟರನ್ನು ವರ್ಷಕ್ಕೊಮ್ಮೆ ಬದಲಿಸಿ. ಹೊಸ ಪೈಪು ಹಾಕುವುದಾದರೆ ಐಎಸ್‌ಓ 7840 ಎಂದು ಅಚ್ಚಾಗಿರುವ, ಬೆಂಕಿ ತಡೆಯುವ ಪೈಪೇ ಆಗಬೇಕು. ತೋಟಕ್ಕೆ ನೀರು ಹಾಯಿಸುವ ಪೈಪಿನಂಥದ್ದು ತಪಾಸಣೆಯಲ್ಲಿ ಪಾಸಾಗುವುದಿಲ್ಲ, ಆಗಲೂಬಾರದು.

ಫಿಲ್ಟರ್ ಬದಲಿಸಿದ ಮೇಲೆ, ಇಲ್ಲವೇ ಡೀಸೆಲ್ ಖಾಲಿಯಾಗಿ ನಿಂತ ಮೇಲೆ ಇಂಧನದ ಪೈಪಿಗೆ ಸೇರಿದ ಏರ್ ತೆಗೆಯಬೇಕು. ಊರಲ್ಲಿ ಡೀಸೆಲ್ ಪಂಪ್‌ಸೆಟ್ಟಿನ ಏರ್ ತೆಗೆದವರಿಗೆ ಇದು ಹೊಸದಲ್ಲ. ಎಲೆಕ್ಟ್ರಿಕ್ ಲಿಫ್ಟ್ ಪಂಪು ಇರುವ ಹೊಸ ಎಂಜಿನ್‌ಗಳಲ್ಲಿ ಹಲವು, ಕೀಲಿ ಆನ್ ಮಾಡಿ ಒಂದೆರಡು ನಿಮಿಷ ಬಿಟ್ಟರೆ ತಾವೇ ಏರ್ ಹೊರಹಾಕುತ್ತವೆ. ಉಳಿದವಕ್ಕೆ ಕ್ರಮ ಹೀಗೆ:

1. ಟ್ಯಾಂಕಿನ ನಲ್ಲಿ ತೆರೆದಿದೆಯೇ, ಡೀಸೆಲ್ ಇದೆಯೇ ನೋಡಿ. ಕೆಳಗೆ ಡಬ್ಬಿ, ಬಟ್ಟೆ ಇಡಿ.
2. ಫಿಲ್ಟರ್ ತಲೆಯ ಮೇಲಿನ ಬ್ಲೀಡ್ (ಏರ್ ಬಿಡುವ) ತಿರುಪನ್ನು ಒಂದೂವರೆ ಸುತ್ತು ಸಡಿಲಿಸಿ, ಲಿಫ್ಟ್ ಪಂಪಿನ ಸಣ್ಣ ಹಿಡಿಯನ್ನು ಹೆಬ್ಬೆರಳಿನಿಂದ ಆಡಿಸಿ. ಹಿಡಿಗೆ ಒತ್ತಡವೇ ಸಿಗದಿದ್ದರೆ ಕ್ಯಾಮ್ ಅದನ್ನು ಹಿಡಿದಿಟ್ಟಿದೆ ಎಂದರ್ಥ. ಎಂಜಿನ್ನನ್ನು ಒಂದು ಸುತ್ತು ತಿರುಗಿಸಿ ಮತ್ತೆ ನೋಡಿ.
3. ನೊರೆ ನಿಂತು ಶುದ್ಧ ಡೀಸೆಲ್ ಹರಿದಾಗ, ಹರಿಯುತ್ತಿರುವಂತೆಯೇ ತಿರುಪು ಬಿಗಿ ಮಾಡಿ.
4. ಇಂಜೆಕ್ಷನ್ ಪಂಪಿನ ಮೇಲಿರುವ ಬ್ಲೀಡ್ ತಿರುಪಿನಲ್ಲೂ ಹಾಗೆಯೇ ಮಾಡಿ.
5. ಇಷ್ಟಾದರೂ ಶುರುವಾಗದಿದ್ದರೆ ಇಂಜೆಕ್ಟರುಗಳಿಗೆ ಬರುವ ಪೈಪಿನ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಥ್ರಾಟಲ್ ಪೂರ್ತಿ ತೆರೆದು ಹತ್ತು ಸೆಕೆಂಡು ಸ್ಟಾರ್ಟರ್ ತಿರುಗಿಸಿ. ಡೀಸೆಲ್ ಜಿನುಗಿದಾಗ ಬಿಗಿ ಮಾಡಿ. ಎರಡು ಪ್ರಯತ್ನಗಳ ನಡುವೆ ಸ್ಟಾರ್ಟರ್ ಆರಲು ಒಂದು ನಿಮಿಷ ಬಿಡಿ.

ಐದನೆಯ ಹಂತದಲ್ಲಿ ಬೆರಳನ್ನು ನಟ್ಟಿನ ಬಳಿ ತರಬೇಡಿ. ಆ ಒತ್ತಡದ ಡೀಸೆಲ್ ಚರ್ಮ ಭೇದಿಸಿ ಒಳಹೋಗುತ್ತದೆ. ಹೊರಗೆ ಸೂಜಿಮೊನೆಯಷ್ಟು ಗಾಯ ಕಂಡರೂ ಅದು ತುರ್ತು ಶಸ್ತ್ರಚಿಕಿತ್ಸೆಯ ಪ್ರಕರಣ, ತಕ್ಷಣ ಆಸ್ಪತ್ರೆಗೆ ಹೋಗಿ.

ಶುರುವಾಗಿ ಒಂದೆರಡು ನಿಮಿಷಕ್ಕೆ ನಿಂತರೆ ಏರ್ ಉಳಿದಿದೆ, ಅಥವಾ ಎಲ್ಲೋ ಹೊಸದಾಗಿ ಒಳಬರುತ್ತಿದೆ. ಟ್ಯಾಂಕಿಗೂ ಲಿಫ್ಟ್ ಪಂಪಿಗೂ ನಡುವಿನ ಜೋಡಣೆ ಸಡಿಲವಿದ್ದರೆ ಓಡುವಾಗ ಡೀಸೆಲ್ ಸೋರುವುದಿಲ್ಲ, ಏರ್ ಎಳೆದುಕೊಳ್ಳುತ್ತದೆ. ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಆ ಜೋಡಣೆಯ ಬೋಲ್ಟಿನ ಎರಡೂ ಬದಿಯ ತಾಮ್ರದ ವಾಷರುಗಳನ್ನು ಬದಲಿಸಿ. ನಿಧಾನದಲ್ಲಿ ಚೆನ್ನಾಗಿ ಓಡಿ, ವೇಗ ಕೊಟ್ಟಾಗ ಸೊರಗಿದರೆ ಫಿಲ್ಟರ್ ಕಟ್ಟಿದೆ.

ಕೂಲೆಂಟ್ ಮತ್ತು ಸ್ಕಿನ್ ಟ್ಯಾಂಕ್

ಹೆಚ್ಚಿನ ನ್ಯಾರೋಬೋಟುಗಳು ಕಾಲುವೆಯ ನೀರನ್ನು ಎಂಜಿನ್ನಿಗೆ ಎಳೆಯುವುದಿಲ್ಲ. ದೋಣಿಯ ಪಕ್ಕದ ಗೋಡೆಗೆ ಒಳಗಿನಿಂದ ವೆಲ್ಡ್ ಮಾಡಿದ ಚಪ್ಪಟೆ ಟ್ಯಾಂಕಿನಲ್ಲಿ (ಇದೇ ಸ್ಕಿನ್ ಟ್ಯಾಂಕ್) ಕೂಲೆಂಟ್ ಸುತ್ತಿ, ಉಕ್ಕಿನ ಮೂಲಕ ಹೊರಗಿನ ನೀರಿಗೆ ಶಾಖ ಬಿಡುತ್ತದೆ. ಅರ್ಧ ಆಂಟಿಫ್ರೀಜ್, ಅರ್ಧ ನೀರು ಹಾಕಿ. ಎಥಿಲೀನ್ ಗ್ಲೈಕಾಲ್ ಆದರೆ ಸುಮಾರು ಮೈನಸ್ 35 ಡಿಗ್ರಿವರೆಗೆ ರಕ್ಷಣೆ. ಇಂಗ್ಲೆಂಡಿಗೆ ಅಷ್ಟು ಬೇಡ ಎನಿಸಬಹುದು, ಆದರೆ ತುಕ್ಕು ತಡೆಯುವ ರಾಸಾಯನಿಕವೂ ಅದರಲ್ಲೇ ಇದೆ. ಅದು ದುರ್ಬಲವಾದರೆ ದೋಣಿಯ ಗೋಡೆಯೇ ಒಳಗಿನಿಂದ ಸವೆಯುತ್ತದೆ. ಹಳೆಯ ಬಗೆಯದನ್ನು ಎರಡು ವರ್ಷಕ್ಕೆ, ಓಎಟಿ (ಸಾವಯವ ಆಮ್ಲ ಆಧಾರಿತ) ಬಗೆಯದನ್ನು ಐದು ವರ್ಷಕ್ಕೆ ಬದಲಿಸಿ. ಎರಡನ್ನೂ ಬೆರೆಸಬೇಡಿ, ಬಣ್ಣ ನೋಡಿ ಬಗೆ ನಿರ್ಧರಿಸಲೂ ಬೇಡಿ, ತಯಾರಕರು ಬಣ್ಣವನ್ನು ತಮಗಿಷ್ಟ ಬಂದಂತೆ ಹಾಕುತ್ತಾರೆ. ಗ್ಲೈಕಾಲ್ ವಿಷ, ರುಚಿ ಸಿಹಿ. ನಾಯಿ ನೆಕ್ಕುವಂತೆ ಬಿಡಬೇಡಿ, ಕಾಲುವೆಗೆ ಚೆಲ್ಲಬೇಡಿ.

ಕೂಲೆಂಟ್ ತುಂಬಿದ ಮೇಲೆ ಸ್ಕಿನ್ ಟ್ಯಾಂಕಿನ ಮೇಲ್ತುದಿಯ ತಿರುಪು ಸಡಿಲಿಸಿ ಏರ್ ಬಿಡಿ. ಎಂಜಿನ್ ಬಿಸಿಯಾಗಿ ತಣಿದ ಮೇಲೆ ಮತ್ತೊಮ್ಮೆ ಬಿಟ್ಟು, ಮಟ್ಟ ಸರಿಮಾಡಿ.

ಎಂಜಿನ್ ಕಾಯುತ್ತಿದ್ದರೆ ಮೊದಲು ಬೆಲ್ಟು, ಆಮೇಲೆ ಕೂಲೆಂಟ್ ಮಟ್ಟ ನೋಡಿ. ಬಿಸಿ ಇರುವಾಗ ಮುಚ್ಚಳ ತೆರೆಯಬೇಡಿ. ಎರಡೂ ಸರಿಯಿದ್ದರೆ ಸ್ಕಿನ್ ಟ್ಯಾಂಕಿಗೆ ಹೋಗುವ, ಬರುವ ಪೈಪುಗಳನ್ನು ಜಾಗ್ರತೆಯಿಂದ ಮುಟ್ಟಿ. ಹೋಗುವುದು ಬಿಸಿ, ಬರುವುದು ತಣ್ಣಗಿದ್ದರೆ ಟ್ಯಾಂಕು ಕೆಲಸ ಮಾಡುತ್ತಿದೆ. ಎರಡೂ ತಣ್ಣಗಿದ್ದರೆ ಕೂಲೆಂಟ್ ಸುತ್ತುತ್ತಲೇ ಇಲ್ಲ: ಏರ್ ಲಾಕ್, ಅಥವಾ ತೆರೆಯದ ಥರ್ಮೋಸ್ಟಾಟ್. ಎರಡೂ ಸುಡುತ್ತಿದ್ದರೆ ಟ್ಯಾಂಕಿನ ಮೇಲ್ಮೈ ಸಾಲದು. ಹೊರಗೋಡೆಗೆ ತಾಗಿದ ಮೇಲ್ಮೈ ನಾಲ್ಕು ಅಶ್ವಶಕ್ತಿಗೆ ಒಂದು ಚದರ ಅಡಿಯಷ್ಟಾದರೂ ಇರಬೇಕೆಂಬುದು ಬಳಕೆಯ ಲೆಕ್ಕ. ಕಾಲುವೆಯಲ್ಲಿ ಎಂದೂ ಕಾಯದ ಎಂಜಿನ್ ಥೇಮ್ಸ್ ಅಥವಾ ಟ್ರೆಂಟ್ ನದಿಯಲ್ಲಿ ನೀರಿನ ಹರಿವಿನ ಎದುರು ಹೋಗುವಾಗ ಕಾದರೆ ಈ ಕೊರತೆಯನ್ನೇ ಶಂಕಿಸಿ.

ಬೆಲ್ಟು, ಕೇಬಲ್

ಎರಡು ಪುಲ್ಲಿಗಳ ನಡುವಿನ ಅತಿ ಉದ್ದದ ಜಾಗದಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ವಿ-ಬೆಲ್ಟು 10–12 ಮಿಲಿಮೀಟರ್ ಬಾಗಬೇಕು. ಹೆಚ್ಚು ಬಿಗಿದರೆ ಆಲ್ಟರ್ನೇಟರ್ ಮತ್ತು ನೀರಿನ ಪಂಪಿನ ಬೇರಿಂಗ್ ಹೋಗುತ್ತದೆ. ಹೊಸ ಬೆಲ್ಟು ಹಿಗ್ಗುತ್ತದೆ, ಕೆಲವು ಗಂಟೆ ಓಡಿದ ಮೇಲೆ ಮತ್ತೆ ಬಿಗಿ ಮಾಡಿ. ಸುತ್ತ ಕಪ್ಪು ಪುಡಿ ಬಿದ್ದಿದ್ದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಅಥವಾ ಬೆಲ್ಟು ಜಾರುತ್ತಿದೆ. ಪ್ರತಿ ಬೆಲ್ಟಿಗೂ ಒಂದೊಂದು ಹೆಚ್ಚುವರಿ ದೋಣಿಯಲ್ಲಿರಲಿ.

ಗೇರ್ ಮತ್ತು ಥ್ರಾಟಲ್ ಕೇಬಲ್‌ಗಳು ಎಚ್ಚರಿಕೆ ಕೊಟ್ಟೇ ಹೋಗುತ್ತವೆ: ಲಿವರ್ ಬಿಗಿಯಾಗುತ್ತದೆ. ಬಿಗಿಯಾದ ಕೇಬಲ್ಲಿಗೆ ಎಣ್ಣೆ ಬಿಟ್ಟು ದಿನ ದೂಡಬೇಡಿ, ಬದಲಿಸಿ. ಲಾಕಿನೊಳಗೆ ದೋಣಿ ಮುನ್ನುಗ್ಗುವಾಗ ರಿವರ್ಸ್ ಬೀಳದಿದ್ದರೆ ಮುಂದಿನ ಗೇಟಿಗೆ ಹದಿನೈದು–ಇಪ್ಪತ್ತು ಟನ್ ಉಕ್ಕು ಬಡಿಯುತ್ತದೆ. ಲಾಕ್ ಸಮೀಪಿಸುವ ಮೊದಲೇ ಒಮ್ಮೆ ರಿವರ್ಸ್ ಹಾಕಿ ನೋಡುವ ಅಭ್ಯಾಸ ಒಳ್ಳೆಯದು.

ಸ್ಟರ್ನ್ ಗ್ಲ್ಯಾಂಡ್

ಪ್ರೊಪೆಲ್ಲರ್ ಶಾಫ್ಟ್ ದೋಣಿಯಿಂದ ಹೊರಬೀಳುವ ಜಾಗದಲ್ಲಿ ನೀರು ತಡೆಯುವುದು ಗ್ಲ್ಯಾಂಡ್ ಹಗ್ಗದ ಸುತ್ತುಗಳು. ಹಳೆಯ ನೀರಿನ ಪಂಪುಗಳಲ್ಲಿ ಇರುವಂಥದ್ದೇ. ದಿನದ ಪ್ರಯಾಣ ಮುಗಿದ ಮೇಲೆ ಗ್ಲ್ಯಾಂಡಿಗೆ ಗ್ರೀಸ್ ಒತ್ತುವ ಗ್ರೀಸರಿನ ಹಿಡಿಯನ್ನು ಬಿಗಿ ಅನಿಸುವವರೆಗೆ ಒಂದೆರಡು ಸುತ್ತು ತಿರುಗಿಸಿದರೆ ರಾತ್ರಿ ಹನಿ ನಿಲ್ಲುತ್ತದೆ. ಓಡುವಾಗ ನಿಮಿಷಕ್ಕೆ ಒಂದೆರಡು ಹನಿ ಬೀಳುವುದು ದೋಷವಲ್ಲ; ಆ ನೀರೇ ಶಾಫ್ಟನ್ನು ತಂಪಾಗಿಡುತ್ತದೆ. ಒಂದು ಹನಿಯೂ ಬೀಳಬಾರದೆಂದು ಬಿಗಿದರೆ ಹಗ್ಗ ಸುಟ್ಟು, ಶಾಫ್ಟಿನ ಮೇಲೆ ಗೀರು ಬೀಳುತ್ತದೆ. ಆ ಗೀರಿನ ಮೇಲೆ ಎಷ್ಟು ಹೊಸ ಹಗ್ಗ ಹಾಕಿದರೂ ನಿಲ್ಲುವುದಿಲ್ಲ.

ಹನಿ ಹೆಚ್ಚಾದರೆ ಎರಡೂ ನಟ್ಟುಗಳನ್ನು ಸಮನಾಗಿ, ಒಂದು ಸಲಕ್ಕೆ ಆರನೇ ಒಂದು ಸುತ್ತಿನಷ್ಟು ಬಿಗಿ ಮಾಡಿ. ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಗ್ಲ್ಯಾಂಡ್ ಮುಟ್ಟಿ ನೋಡಿ. ಬೆಚ್ಚಗಿರಬಹುದು, ಕೈಯಿಡಲಾಗದಷ್ಟು ಬಿಸಿಯಿದ್ದರೆ ಸ್ವಲ್ಪ ಸಡಿಲಿಸಿ. ಒಂದು ನಟ್ಟನ್ನು ಮಾತ್ರ ಬಿಗಿದರೆ ಗ್ಲ್ಯಾಂಡ್ ಓರೆಯಾಗಿ ಶಾಫ್ಟಿಗೆ ಉಜ್ಜುತ್ತದೆ.

ಬಿಗಿಯಲು ಇನ್ನು ಜಾಗ ಉಳಿಯದಿದ್ದರೆ ಹೊಸ ಹಗ್ಗ ಬೇಕು. ಶಾಫ್ಟ್ ಸಾಮಾನ್ಯವಾಗಿ ಒಂದೂವರೆ ಇಂಚು. ಹಗ್ಗದ ದಪ್ಪ ಕಾಲು ಇಂಚಿನಿಂದ ಮೂರೆಂಟಾಂಶ ಇಂಚಿನವರೆಗೆ ಬೇರೆಬೇರೆ, ಶಾಫ್ಟಿಗೂ ಗೂಡಿಗೂ ನಡುವಿನ ಸಂದನ್ನು ಅಳೆದೇ ಕೊಳ್ಳಿ. ಅನುಭವವಿರುವವರು ದೋಣಿ ನೀರಿನಲ್ಲಿರುವಾಗಲೇ ಮಾಡುತ್ತಾರೆ. ಮೊದಲ ಸಲ ಮಾಡುವವರು ಡ್ರೈ ಡಾಕಿನಲ್ಲಿ (ನೀರು ಖಾಲಿ ಮಾಡಿ ದೋಣಿ ನಿಲ್ಲಿಸುವ ಕಟ್ಟೆ) ಮಾಡುವುದು ವಾಸಿ. ನೀರಿನಲ್ಲೇ ಆದರೆ ಮೊದಲು ಗ್ರೀಸ್ ಚೆನ್ನಾಗಿ ತುಂಬಿಸಿ, ಬಿಲ್ಜ್ ಪಂಪು (ದೋಣಿಯ ತಳದ ನೀರು ಹೊರಹಾಕುವುದು) ಕೆಲಸ ಮಾಡುತ್ತದೆಯೇ ಪರೀಕ್ಷಿಸಿ, ಹಗ್ಗಗಳನ್ನು ಮೊದಲೇ ಕತ್ತರಿಸಿಟ್ಟುಕೊಳ್ಳಿ. ಅಷ್ಟೇ ದಪ್ಪದ ಕೊಳವೆಗೆ ಸುತ್ತಿ, 45 ಡಿಗ್ರಿ ಓರೆಯಾಗಿ ಕತ್ತರಿಸಿದರೆ ತುದಿಗಳು ಸರಿಯಾಗಿ ಕೂಡುತ್ತವೆ. ಹಳೆಯ ಸುತ್ತುಗಳನ್ನು ತಿರುಪಿನಂಥ ಕೊಕ್ಕೆಯಿಂದ ಎಳೆದು ತೆಗೆಯಿರಿ. ಎಷ್ಟು ಬಂದವು ಎಣಿಸಿ. ಹೊಸ ಸುತ್ತುಗಳ ಕೂಡು ಒಂದರ ಮೇಲೊಂದು ಬರದಂತೆ 120 ಡಿಗ್ರಿ ಸರಿಸುತ್ತ ಕೂರಿಸಿ. ನಟ್ಟು ಕೈಬಿಗಿಯಷ್ಟೇ ಇರಲಿ. ಮೊದಲ ಕೆಲವು ಗಂಟೆ ಹೆಚ್ಚು ಹನಿ ಬಿಡಿ, ಹಗ್ಗ ಹೊಂದಿಕೊಂಡ ಮೇಲೆ ಬಿಗಿ ಮಾಡಿ.

ವೀಡ್ ಹ್ಯಾಚ್

ಎಂಜಿನ್ ಸದ್ದು ಭಾರವಾಗಿ, ಕಪ್ಪು ಹೊಗೆ ಬಂದು, ದೋಣಿ ಮುಂದೆ ಹೋಗದಿದ್ದರೆ ಪ್ರೊಪೆಲ್ಲರಿಗೆ ಏನೋ ಸುತ್ತಿದೆ. ಮೊದಲು ಸ್ವಲ್ಪ ಹೊತ್ತು ರಿವರ್ಸ್ ಕೊಟ್ಟು ನೋಡಿ, ಎಲೆಯಾದರೆ ಉದುರುತ್ತದೆ. ಹಗ್ಗ, ಪ್ಲಾಸ್ಟಿಕ್, ಹಾಸಿಗೆಯ ತಂತಿ, ಬಟ್ಟೆಯಾದರೆ ಕೈಯಿಂದಲೇ ತೆಗೆಯಬೇಕು. ಪಟ್ಟಣಗಳ ಒಳಗೆ ಇದು ಹೆಚ್ಚು. ಪೂಜೆಯ ಸಾಮಾನನ್ನು ಕಾಲುವೆಗೆ ಬಿಡುವ ನಮ್ಮವರು ಇದನ್ನೊಮ್ಮೆ ಯೋಚಿಸಬೇಕು: ತೆಂಗಿನಕಾಯಿ ತೇಲಿಹೋದರೂ ಅದರ ಜೊತೆಗಿನ ಬಟ್ಟೆ ಯಾರದೋ ದೋಣಿಯ ಶಾಫ್ಟಿಗೆ ಸಿಗುತ್ತದೆ.

ಎಂಜಿನ್ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡ ಮೇಲೆ ಪ್ರೊಪೆಲ್ಲರಿನ ಮೇಲಿರುವ ಕಿಂಡಿಯ, ಅಂದರೆ ವೀಡ್ ಹ್ಯಾಚಿನ ಮುಚ್ಚಳ ತೆಗೆಯಿರಿ. ಕರಗಸದಂಥ ಹಲ್ಲಿರುವ ಬ್ರೆಡ್ ಚಾಕು, ತಂತಿಗೆ ಕಟಿಂಗ್ ಪ್ಲೈಯರ್ ಸಾಕು. ಎರಡಕ್ಕೂ ದಾರ ಕಟ್ಟಿ, ಕೈಜಾರಿದರೆ ಕಾಲುವೆಯ ಪಾಲು. ತೆಗೆದದ್ದನ್ನು ದಡದ ಕಸದ ಬುಟ್ಟಿಗೆ ಹಾಕಿ.

ಮುಚ್ಚುವುದು ತೆಗೆಯುವುದಕ್ಕಿಂತ ಮುಖ್ಯ. ಮುಚ್ಚಳದ ರಬ್ಬರ್ ಒರೆಸಿ, ಸರಿಯಾಗಿ ಕೂರಿಸಿ, ಅಡ್ಡಪಟ್ಟಿಯ ತಿರುಪು ಬಿಗಿದ ಮೇಲಷ್ಟೇ ಎಂಜಿನ್ ಶುರುಮಾಡಿ. ಪ್ರೊಪೆಲ್ಲರ್ ತಿರುಗಿದರೆ ಅಲ್ಲಿನ ನೀರು ಉಕ್ಕಿ, ಸಡಿಲ ಮುಚ್ಚಳದಿಂದ ನಿಮಿಷಗಳಲ್ಲಿ ಎಂಜಿನ್ ಕೋಣೆ ತುಂಬುತ್ತದೆ. ಹೀಗೆ ಮುಳುಗಿದ ದೋಣಿಗಳಿವೆ. ಬಿಗಿದ ಮೇಲೆ ರಿವರ್ಸ್ ಕೊಟ್ಟು, ಅಂಚಿನಲ್ಲಿ ನೀರು ಜಿನುಗುವುದಿಲ್ಲ ಎಂದು ಕಣ್ಣಾರೆ ನೋಡಿ.

ಬ್ಯಾಟರಿ

ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ. ಚಾರ್ಜೂ ಬಳಕೆಯೂ ಇಲ್ಲದೆ ಕೆಲವು ಗಂಟೆ ಬಿಟ್ಟು ಅಳೆದಾಗ 12.7 ವೋಲ್ಟ್ ಎಂದರೆ ಭರ್ತಿ, 12.2 ಎಂದರೆ ಸುಮಾರು ಅರ್ಧ. ಬ್ಯಾಟರಿಗಳು ಬೇಗ ಸಾಯುವುದು ಒಮ್ಮೆಯೂ ಪೂರ್ತಿ ತುಂಬದೆ ಇರುವುದರಿಂದ. ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ವಾರಕ್ಕೊಮ್ಮೆಯಾದರೂ, 14.4 ವೋಲ್ಟಿನ ಆಸುಪಾಸಿನಲ್ಲಿ, ಒಳಹೋಗುವ ಕರೆಂಟು ಬ್ಯಾಟರಿ ಸಾಮರ್ಥ್ಯದ ನೂರಕ್ಕೆ ಒಂದೆರಡು ಪಾಲಿಗೆ ಇಳಿಯುವವರೆಗೆ ಚಾರ್ಜ್ ಮಾಡಿ. 400 ಆಂಪಿಯರ್-ಗಂಟೆಯ ಬ್ಯಾಟರಿಗಳಿಗೆ ಅದು 4ರಿಂದ 8 ಆಂಪಿಯರ್. ಕೊನೆಯ ನೂರಕ್ಕೆ ಇಪ್ಪತ್ತು ತುಂಬಲು ಗಂಟೆಗಳೇ ಬೇಕು, ಆ ಕೆಲಸಕ್ಕೆ ಎಂಜಿನ್ನಿಗಿಂತ ಸೋಲಾರ್ ಪ್ಯಾನಲ್ ಮೇಲು. ದಡಕ್ಕೆ ಕಟ್ಟಿದಾಗ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಚಾರ್ಜಿಂಗಿಗೆ ಎಂಜಿನ್ ಓಡಿಸಬಾರದೆಂಬ, ಕಾಲುವೆಗಳನ್ನು ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ನಿಯಮವೂ ನೆನಪಿರಲಿ.

ಮುಚ್ಚಳ ತೆರೆಯುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಲಿಥಿಯಂ ಹಾಕುವುದಾದರೆ ಅದನ್ನು ಆಲ್ಟರ್ನೇಟರಿಗೆ ನೇರ ಜೋಡಿಸಬೇಡಿ. ಅದು ಎಷ್ಟು ಕೊಟ್ಟರೂ ಕುಡಿಯುವುದರಿಂದ ಆಲ್ಟರ್ನೇಟರ್ ಸುಡುತ್ತದೆ. ನಡುವೆ ಡಿಸಿ-ಡಿಸಿ ಚಾರ್ಜರ್ ಬೇಕು.

ಚಳಿಗಾಲಕ್ಕೆ ನಿಲ್ಲಿಸುವಾಗ

ಆಯಿಲ್ ಬದಲಿಸಬೇಕಾದದ್ದು ದೋಣಿ ನಿಲ್ಲಿಸುವ ಮೊದಲು, ವಸಂತದಲ್ಲಿ ಅಲ್ಲ. ಹಳೆಯ ಆಯಿಲ್‌ನ ಆಮ್ಲ ನಾಲ್ಕು ತಿಂಗಳು ಬೇರಿಂಗಿಗೆ ತಾಗಿಕೊಂಡಿರಬಾರದು. ಡೀಸೆಲ್ ಟ್ಯಾಂಕು ತುಂಬಿಸಿ, ಬಯೋಸೈಡ್ ಹಾಕಿ. ಆಂಟಿಫ್ರೀಜ್ ಪ್ರಮಾಣವನ್ನು ರಿಫ್ರ್ಯಾಕ್ಟೋಮೀಟರಿನಿಂದ ಅಳೆಯಿರಿ. ಕುಡಿಯುವ ನೀರಿನ ಪಂಪು ಆರಿಸಿ, ಬಿಸಿನೀರಿನ ಟ್ಯಾಂಕನ್ನು ಖಾಲಿ ಮಾಡಿ, ಎಲ್ಲ ನಲ್ಲಿಗಳನ್ನೂ ಅರ್ಧ ತೆರೆದಿಡಿ. ಶವರಿನ ನಲ್ಲಿಯಲ್ಲಿ ನೀರು ಉಳಿಯುವುದೇ ಹೆಚ್ಚು, ಹೆಪ್ಪುಗಟ್ಟಿ ಒಡೆಯುವುದೂ ಅದೇ. ಕೈಶವರನ್ನು ಕೆಳಗೆ ಇಳಿಬಿಡಿ. ಕಾಲುವೆಯ ನೀರನ್ನೇ ಎಂಜಿನ್ನಿಗೆ ಎಳೆಯುವ ದೋಣಿಯಾದರೆ ಆ ನೀರನ್ನೂ ಪೂರ್ತಿ ಇಳಿಸಬೇಕು. ಗ್ಲ್ಯಾಂಡಿಗೆ ಗ್ರೀಸ್ ಕೊಟ್ಟು, ಬ್ಯಾಟರಿ ಭರ್ತಿ ಮಾಡಿ, ತಾನೇ ಚಾಲೂ ಆಗುವ ಬಿಲ್ಜ್ ಪಂಪನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಆರಿಸಿ. ಆದರೆ ಎಂಜಿನ್ ಕೋಣೆಯ ತಳದಲ್ಲಿ ಎಣ್ಣೆಯ ಪದರ ತೇಲುತ್ತಿದ್ದರೆ ಆ ಪಂಪು ಅದನ್ನೂ ಕಾಲುವೆಗೆ ಸುರಿಯುತ್ತದೆ. ಎಣ್ಣೆ ಹೀರುವ ಪ್ಯಾಡ್ ಹಾಕಿ ಮೊದಲು ತೆಗೆದುಬಿಡಿ.

ವಸಂತದಲ್ಲಿ ಮೊದಲ ಸಲ ಶುರುಮಾಡುವಾಗ ನೀರು ಬೇರ್ಪಡಿಸುವ ಬಟ್ಟಲನ್ನು ಇಳಿಸಿ ನೋಡಿ, ಬೆಲ್ಟು ಒತ್ತಿ ನೋಡಿ, ವೀಡ್ ಹ್ಯಾಚ್ ಬಿಗಿ ಪರೀಕ್ಷಿಸಿ. ಸ್ಟಾಪ್ ಹಿಡಿ ಎಳೆದೇ ಹಿಡಿದು ಹತ್ತು ಸೆಕೆಂಡು ಸ್ಟಾರ್ಟರ್ ತಿರುಗಿಸಿದರೆ ಉರಿಯದೆಯೇ ಆಯಿಲ್ ಮೇಲೇರುತ್ತದೆ. ಆಮೇಲೆ ಶುರುಮಾಡಿ, ಹೊಗೆ ನೋಡಿ. ಮೊದಲ ನಿಮಿಷದ ಬಿಳಿ ಹೊಗೆ ತಣ್ಣನೆಯ ಎಂಜಿನ್ನಿನದು. ಬಿಸಿಯಾದ ಮೇಲೂ ಬಿಳಿಯಾಗಿಯೇ ಇದ್ದರೆ ಇಂಜೆಕ್ಟರ್ ಕೆಟ್ಟಿದೆ ಅಥವಾ ಸಿಲಿಂಡರಿಗೆ ಕೂಲೆಂಟ್ ಸೇರುತ್ತಿದೆ. ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಆಗ ಒಂದಷ್ಟು ಗಂಟೆ ನದಿಯಲ್ಲಿ ಒಳ್ಳೆಯ ಹೊರೆ ಕೊಟ್ಟು ಓಡಿಸಿ ನೋಡಿ; ರಿಂಗುಗಳು ಮತ್ತೆ ಹಿಡಿತ ಪಡೆದು ಹೊಗೆ ಕಡಿಮೆಯಾಗುವುದುಂಟು. ಆಗದಿದ್ದರೆ ಕಂಪ್ರೆಷನ್ ಪರೀಕ್ಷೆ ಮಾಡಬಲ್ಲ ಮೆಕ್ಯಾನಿಕ್ಕನ್ನು ಕರೆಯಿರಿ.